ತಂತಿ ಬಂದ ಮೇಲಿನ ಲೆಕ್ಕ

ಜಗತ್ತಿನಲ್ಲಿ ಎಷ್ಟು ಜನರಿಗೆ ವಿದ್ಯುತ್ ಇದೆ, ಎಷ್ಟು ಜನರಿಗೆ ಇಲ್ಲ ಎಂಬುದನ್ನು ವಿಶ್ವಬ್ಯಾಂಕ್, ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಮೊದಲಾದ ಐದು ಸಂಸ್ಥೆಗಳು ಒಟ್ಟಾಗಿ ಪ್ರತಿ ವರ್ಷ ಲೆಕ್ಕಹಾಕಿ ವರದಿ ಹೊರತರುತ್ತವೆ. 2023ರ ಲೆಕ್ಕದ ಪ್ರಕಾರ ಶೇ. 92ರಷ್ಟು ಜನರಿಗೆ ವಿದ್ಯುತ್ ತಲುಪಿದೆ. ತಲುಪದೆ ಉಳಿದವರು 66.6 ಕೋಟಿ. ಇವರಲ್ಲಿ ಶೇ. 85ರಷ್ಟು ಮಂದಿ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದವರು. 2010ರಲ್ಲಿ ವಿದ್ಯುತ್ ಇಲ್ಲದವರ ಸಂಖ್ಯೆ 110 ಕೋಟಿಯನ್ನು ಮೀರಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯೇನಲ್ಲ. ಆದರೂ ಈ ವರದಿಗಳನ್ನು ಓದುವಾಗಲೆಲ್ಲ ನನಗೆ ಒಂದು ತಕರಾರು ಉಳಿದುಬಿಡುತ್ತದೆ. ಇಲ್ಲಿ ಎಣಿಕೆಯಾಗುತ್ತಿರುವುದು ಸಂಪರ್ಕ. ಸಂಪರ್ಕ ಪಡೆದ ಮನೆ ಅದರಿಂದ ಎಷ್ಟು ವಿದ್ಯುತ್ ಬಳಸುತ್ತಿದೆ, ಅದಕ್ಕೆ ಹಣ ತೆರಲು ಬೇರೆ ಏನನ್ನು ಕೈಬಿಡುತ್ತಿದೆ, ಮುಂದಿನ ವರ್ಷವೂ ಆ ಹಣ ಅದರ ಬಳಿ ಇರುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಶೇ. 92ರಲ್ಲಿ ಉತ್ತರವಿಲ್ಲ.

ಎಣಿಕೆಯ ಈ ದೋಷ ಹಳೆಯದು. ಭಾರತದಲ್ಲಿ ಒಂದು ಗ್ರಾಮದ ಶೇ. 10ರಷ್ಟು ಮನೆಗಳಿಗೂ ಶಾಲೆ, ಪಂಚಾಯಿತಿ ಕಚೇರಿಯಂಥ ಸಾರ್ವಜನಿಕ ಸ್ಥಳಗಳಿಗೂ ವಿದ್ಯುತ್ ಬಂದರೆ ಇಡೀ ಗ್ರಾಮವೇ ವಿದ್ಯುದೀಕರಣಗೊಂಡಿತೆಂದು ಬರೆದುಕೊಳ್ಳುವ ನಿಯಮವಿತ್ತು. 2018ರ ಏಪ್ರಿಲ್‌ನಲ್ಲಿ ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ ತಲುಪಿದಾಗ ದೇಶದ ಎಲ್ಲ ಗ್ರಾಮಗಳ ಕೆಲಸವೂ ಮುಗಿಯಿತೆಂದು ಘೋಷಣೆಯಾಯಿತು. ಅದೇ ಹೊತ್ತಿನಲ್ಲಿ ಕೋಟಿಗಟ್ಟಲೆ ಮನೆಗಳಿಗೆ ಸಂಪರ್ಕ ಕೊಡುವ ಇನ್ನೊಂದು ಯೋಜನೆಯೂ ನಡೆಯುತ್ತಿತ್ತು. ಎರಡೂ ನಿಜವೇ ಆಗಿದ್ದವು, ಏಕೆಂದರೆ ಎರಡರ ಅಳತೆಗೋಲು ಬೇರೆ ಬೇರೆ.

ಈ ಗೊಂದಲವನ್ನು ಬಿಡಿಸಲು ವಿಶ್ವಬ್ಯಾಂಕಿನ ಇಂಧನ ವಿಭಾಗವು 2015ರಲ್ಲಿ ಸೊನ್ನೆಯಿಂದ ಐದರವರೆಗಿನ ಹಂತಗಳ ಒಂದು ಚೌಕಟ್ಟನ್ನು ರೂಪಿಸಿತು. ಅದರ ಮೊದಲ ಹಂತದಲ್ಲಿರುವ ಮನೆಗೆ ದಿನಕ್ಕೆ ಕನಿಷ್ಠ 12 ವ್ಯಾಟ್-ಅವರ್ ವಿದ್ಯುತ್ ಸಿಗಬೇಕು; ಅದೂ ದಿನದಲ್ಲಿ ನಾಲ್ಕು ಗಂಟೆ ಸಿಕ್ಕರೆ ಸಾಕು. ಒಂದು ಸಣ್ಣ ಎಲ್‌ಇಡಿ ದೀಪ ಉರಿಸಿ ಒಂದು ಮೊಬೈಲ್ ಚಾರ್ಜ್ ಮಾಡುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಐದನೆಯ ಹಂತದ ಮನೆಗೆ ದಿನಕ್ಕೆ 8.2 ಯೂನಿಟ್ (ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್), 23 ಗಂಟೆ. ಇವೆರಡರ ನಡುವಿನ ಅಂತರ ಸುಮಾರು 680 ಪಟ್ಟು, ಆದರೆ ‘ಇದೆ ಅಥವಾ ಇಲ್ಲ’ ಎಂಬ ಎಣಿಕೆಯಲ್ಲಿ ಎರಡೂ ಮನೆಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಕೈಗೆಟುಕುವ ಬೆಲೆ ಎಂದರೆ ಏನೆಂಬುದನ್ನೂ ಆ ಚೌಕಟ್ಟು ಹೇಳುತ್ತದೆ: ವರ್ಷಕ್ಕೆ 365 ಯೂನಿಟ್, ಅಂದರೆ ದಿನಕ್ಕೊಂದು ಯೂನಿಟ್ ಬಳಸುವ ಖರ್ಚು ಮನೆಯ ವರಮಾನದ ಶೇ. 5ನ್ನು ಮೀರಬಾರದು. ಅಳತೆಗೋಲು ಚೆನ್ನಾಗಿಯೇ ಇದೆ. ಆದರೆ ಅದನ್ನು ಹಿಡಿದು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಲು ಹಣವೂ ಸಮಯವೂ ಬೇಕು. ಹಾಗಾಗಿ ಮುಖಪುಟದ ಸಂಖ್ಯೆ ಇಂದಿಗೂ ಸಂಪರ್ಕದ್ದೇ.

ಸಂಪರ್ಕ ಒಮ್ಮೆ ಸಿಕ್ಕರೆ ಸಿಕ್ಕಂತೆಯೇ ಎಂಬ ನಂಬಿಕೆಗೆ 2022ರಲ್ಲಿ ದೊಡ್ಡ ಪೆಟ್ಟು ಬಿತ್ತು. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬಳಿಕ ಅನಿಲದ ಬೆಲೆ ಏರಿದಾಗ, ಹೊಸದಾಗಿ ವಿದ್ಯುತ್ ಪಡೆದಿದ್ದವರಲ್ಲಿ ಸುಮಾರು 7.5 ಕೋಟಿ ಜನ ಅದರ ಬಿಲ್ ಕಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುವ ಸಂಭವವಿದೆ, ಅಡುಗೆಗೆ ಗ್ಯಾಸ್ ಬಳಸತೊಡಗಿದ್ದ 10 ಕೋಟಿ ಜನ ಮತ್ತೆ ಸೌದೆಗೆ ಮರಳಬಹುದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿತು. ಆ ವರ್ಷ ವಿದ್ಯುತ್ ಇಲ್ಲದವರ ಸಂಖ್ಯೆ ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಇಳಿಯುವ ಬದಲು ಏರಿ 68.5 ಕೋಟಿಗೆ ತಲುಪಿತು. ಜನಸಂಖ್ಯೆಯ ಏರಿಕೆ ಇದಕ್ಕೆ ಒಂದು ಕಾರಣ, ಬೆಲೆ ಇನ್ನೊಂದು. ಯುರೋಪು ರಷ್ಯಾದ ಕೊಳವೆ ಅನಿಲಕ್ಕೆ ಬದಲಾಗಿ ಹಡಗಿನಲ್ಲಿ ಬರುವ ದ್ರವೀಕೃತ ಅನಿಲವನ್ನು ಎಷ್ಟಾದರೂ ಕೊಟ್ಟು ಕೊಳ್ಳಲು ಸಿದ್ಧವಾದಾಗ ಮಾರಾಟಗಾರರು ಅತ್ತ ಮುಖಮಾಡಿದರು. ವಿದ್ಯುತ್ ಉತ್ಪಾದನೆಗೆ ಬೇಕಾದ ಈ ಅನಿಲಕ್ಕಾಗಿ ಪಾಕಿಸ್ತಾನ ಆ ವರ್ಷದ ಜುಲೈನಲ್ಲಿ ಕರೆದ ಟೆಂಡರಿಗೆ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಬಾಂಗ್ಲಾದೇಶ ದೀರ್ಘ ಒಪ್ಪಂದವಿಲ್ಲದೆ ಅಂದಂದಿನ ಬೆಲೆಗೆ ಮಾರುವ ತತ್‌ಕ್ಷಣದ ಮಾರುಕಟ್ಟೆಯಿಂದ ಅನಿಲ ಕೊಳ್ಳುವುದನ್ನೇ ನಿಲ್ಲಿಸಿ ಲೋಡ್ ಶೆಡ್ಡಿಂಗ್‌ಗೆ ಮೊರೆಹೋಯಿತು. ಈ ಎರಡು ದೇಶಗಳ ಮನೆಗಳಲ್ಲಿ ಸಂಪರ್ಕವೇನೂ ಕಡಿದುಹೋಗಿರಲಿಲ್ಲ. ತಂತಿ ಇದ್ದಲ್ಲೇ ಇತ್ತು, ಅದರೊಳಗೆ ಹರಿಯಬೇಕಾದದ್ದನ್ನು ಬೇರೆಯವರು ಹೆಚ್ಚು ಬೆಲೆಗೆ ಕೊಂಡಿದ್ದರು.

ತಂತಿ ಮನೆಯ ಪಕ್ಕದಲ್ಲೇ ಹಾದುಹೋಗಿದ್ದರೂ ಒಳಗೆ ಬರದಿರುವುದೂ ಉಂಟು. ಕೆನ್ಯಾದ ಗ್ರಾಮಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಕೂಗಳತೆಯಲ್ಲಿರುವ ಮನೆಗಳೇ ಕತ್ತಲಲ್ಲಿದ್ದವು, ಏಕೆಂದರೆ ಹೊಸ ಸಂಪರ್ಕದ ಶುಲ್ಕ 35,000 ಶಿಲ್ಲಿಂಗ್ ಇತ್ತು. ಅಲ್ಲಿನ ಪಶ್ಚಿಮ ಭಾಗದಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಲೀ, ಎಡ್ವರ್ಡ್ ಮಿಗೆಲ್ ಮತ್ತು ಕ್ಯಾಥರೀನ್ ವೋಲ್ಫ್ರಾಮ್ ನಡೆಸಿದ ಪ್ರಯೋಗದಲ್ಲಿ ಕೆಲವು ಹಳ್ಳಿಗಳಿಗೆ ಉಚಿತ ಸಂಪರ್ಕ, ಕೆಲವಕ್ಕೆ ಭಾಗಶಃ ರಿಯಾಯಿತಿ, ಉಳಿದವಕ್ಕೆ ಪೂರ್ಣ ದರ ಎಂದು ಚೀಟಿ ಎತ್ತಿ ಹಂಚಲಾಯಿತು. ಉಚಿತವಾಗಿದ್ದಲ್ಲಿ ಬಹುತೇಕ ಎಲ್ಲರೂ ಸಂಪರ್ಕ ಪಡೆದರು. ಶುಲ್ಕದ ಅರ್ಧಕ್ಕಿಂತ ಹೆಚ್ಚನ್ನು ಮನ್ನಾ ಮಾಡಿದಲ್ಲಿಯೂ ಮುಂದೆ ಬಂದವರು ಕಾಲು ಭಾಗದಷ್ಟು ಮಾತ್ರ. ಪೂರ್ಣ ದರದಲ್ಲಿ ಹೆಚ್ಚೂಕಡಿಮೆ ಯಾರೂ ಬರಲಿಲ್ಲ. 2015ರಲ್ಲಿ ಕೆನ್ಯಾ ಸರ್ಕಾರ ಶುಲ್ಕವನ್ನು 15,000 ಶಿಲ್ಲಿಂಗ್‌ಗೆ ಇಳಿಸಿ, ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟು, ಲಕ್ಷಾಂತರ ಮನೆಗಳಿಗೆ ಸಂಪರ್ಕ ಕೊಟ್ಟಿತು. ಅದು ಒಳ್ಳೆಯ ಕೆಲಸವೆಂದೇ ನನ್ನ ಅಭಿಪ್ರಾಯ. ಆದರೆ ಹೀಗೆ ಬಂದ ಹೊಸ ಗ್ರಾಹಕರು ಬಳಸಿದ ವಿದ್ಯುತ್ ತೀರಾ ಅಲ್ಪ. ಬಲ್ಬಿನಾಚೆಗೆ ಹಾಕಿಕೊಳ್ಳಲು ಅವರ ಬಳಿ ಉಪಕರಣಗಳಿರಲಿಲ್ಲ, ಕೊಳ್ಳಲು ಸಾಲವೂ ಸಿಗುತ್ತಿರಲಿಲ್ಲ.

ಅಲ್ಪ ಬಳಕೆಯ ಗ್ರಾಹಕ ವಿದ್ಯುತ್ ಕಂಪನಿಗೆ ನಷ್ಟದ ಬಾಬತ್ತು. ಕಂಬ, ತಂತಿ, ಮೀಟರ್, ಬಿಲ್ ಬರೆಯುವವನ ಸಂಬಳ ಇವೆಲ್ಲ ಅವನು ಎರಡು ಯೂನಿಟ್ ಬಳಸಿದರೂ ಅಷ್ಟೇ, ಇನ್ನೂರು ಬಳಸಿದರೂ ಅಷ್ಟೇ. ಸಹಾರಾದ ದಕ್ಷಿಣದ 39 ಆಫ್ರಿಕನ್ ದೇಶಗಳ ವಿದ್ಯುತ್ ಕಂಪನಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸಿದ ವಿಶ್ವಬ್ಯಾಂಕಿನ 2016ರ ಅಧ್ಯಯನದಲ್ಲಿ ತಮ್ಮ ಪೂರ್ತಿ ವೆಚ್ಚವನ್ನು ವಸೂಲಿ ಮಾಡಿಕೊಳ್ಳುತ್ತಿದ್ದವು ಎರಡೇ ಎರಡು ದೇಶಗಳವು: ಸೇಶೆಲ್ಸ್ ಮತ್ತು ಉಗಾಂಡಾ. ಉಳಿದ ಕಂಪನಿಗಳು ಹೊಸ ಬಡ ಗ್ರಾಹಕ ಬಂದಷ್ಟೂ ಕುಸಿಯುತ್ತವೆ, ದುಡ್ಡಿಲ್ಲದೆ ದುರಸ್ತಿ ಮುಂದಕ್ಕೆ ಹೋಗುತ್ತದೆ, ವಿದ್ಯುತ್ ಕೈಕೊಡುತ್ತದೆ, ಕೈಕೊಡುವ ವಿದ್ಯುತ್ತನ್ನು ನಂಬಿ ಯಾರೂ ಫ್ರಿಜ್ಜನ್ನಾಗಲಿ ಹಿಟ್ಟಿನ ಗಿರಣಿಯನ್ನಾಗಲಿ ಕೊಳ್ಳುವುದಿಲ್ಲ, ಬಳಕೆ ಅಲ್ಪವಾಗಿಯೇ ಉಳಿಯುತ್ತದೆ. ಜನರಿಗೆ ದುಬಾರಿ, ಕಂಪನಿಗೆ ನಷ್ಟ ಎರಡೂ ಏಕಕಾಲಕ್ಕೆ ನಿಜವಾಗಿರುವ ಈ ಸುಳಿಯನ್ನು ಅರ್ಥಮಾಡಿಕೊಳ್ಳದೆ ದರ ಏರಿಸಿ ಎಂದೋ ಇಳಿಸಿ ಎಂದೋ ಸಲಹೆ ಕೊಡುವವರನ್ನು ಕಂಡರೆ ನನಗೆ ತಾಳ್ಮೆ ಕಡಿಮೆ.

ಇದು ಬಡ ದೇಶಗಳಿಗೆ ಸೀಮಿತವಾದ ವಿಷಯವೂ ಅಲ್ಲ. ನೂರಕ್ಕೆ ನೂರು ಸಂಪರ್ಕವಿರುವ ಬ್ರಿಟನ್ನಿನಲ್ಲಿ ಇಂಧನ ಬಡತನದ ಅಳತೆ ರೂಪುಗೊಂಡದ್ದು 1991ರಲ್ಲಿ ಸಂಶೋಧಕಿ ಬ್ರೆಂಡಾ ಬೋರ್ಡ್‌ಮನ್ ಮಂಡಿಸಿದ ವ್ಯಾಖ್ಯೆಯಿಂದ: ಮನೆಯನ್ನು ತಕ್ಕಮಟ್ಟಿಗೆ ಬೆಚ್ಚಗಿಡಲು ವರಮಾನದ ಶೇ. 10ಕ್ಕಿಂತ ಹೆಚ್ಚು ಬೇಕಾದರೆ ಆ ಕುಟುಂಬ ಇಂಧನ ಬಡತನದಲ್ಲಿದೆ. ವಾಸ್ತವವಾಗಿ ಖರ್ಚು ಮಾಡಿದ್ದು ಎಷ್ಟು ಎಂಬುದನ್ನು ಬಿಟ್ಟು ಖರ್ಚು ಮಾಡಬೇಕಾಗುತ್ತಿದ್ದುದು ಎಷ್ಟು ಎಂದು ಕೇಳಿದ್ದೇ ಈ ವ್ಯಾಖ್ಯೆಯ ಜಾಣ್ಮೆ, ಏಕೆಂದರೆ ಚಳಿಯಲ್ಲೇ ಕೂತು ಹೀಟರ್ ಆರಿಸಿದ ಮುದುಕಿಯ ಬಿಲ್ ಕಡಿಮೆಯೇ ಬರುತ್ತದೆ. ಒಂದು ಸಾಮಾನ್ಯ ಮನೆಯ ವಾರ್ಷಿಕ ಇಂಧನ ಬಿಲ್ಲಿಗೆ ಅಲ್ಲಿನ ನಿಯಂತ್ರಕ ಸಂಸ್ಥೆ ಹಾಕಿದ್ದ ಮಿತಿ 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇದ್ದದ್ದು ಒಂದೇ ವರ್ಷದಲ್ಲಿ 3,549ಕ್ಕೆ ಏರಿತು. ಸರ್ಕಾರ ಮಧ್ಯೆ ಬಂದು 2,500ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಿತು.

ಅಲ್ಲಿನ ಪ್ರೀಪೇಯ್ಡ್ ಗ್ಯಾಸ್ ಮೀಟರನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೆಲೆ ಎಂಬುದು ಯೂನಿಟ್ ದರವೊಂದೇ ಅಲ್ಲವೆಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಗ್ಯಾಸ್ ಉರಿಸದೆ ಇದ್ದರೂ ದಿನದ ಸ್ಥಿರ ಶುಲ್ಕ ಆ ಮೀಟರಿನಲ್ಲಿ ಸದ್ದಿಲ್ಲದೆ ಏರುತ್ತಿರುತ್ತದೆ. ಚಳಿ ಶುರುವಾದ ದಿನ ಆ ಮನೆಯವರು ಅಂಗಡಿಗೆ ಹೋಗಿ ಕಾರ್ಡಿಗೆ ಹಣ ತುಂಬಿಸಿ ತಂದು ಮೀಟರಿಗೆ ಹಾಕಿದರೆ, ಮೊದಲು ಹಳೆಯ ಬಾಕಿ ಕಡಿತವಾಗುತ್ತದೆ, ಉಳಿದ ಚಿಲ್ಲರೆಯಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಹೊತ್ತಿಕೊಳ್ಳಬೇಕು. ಹಣ ಮುಗಿದಾಗ ಯಾರೂ ಬಂದು ಸಂಪರ್ಕ ಕಡಿಯುವುದಿಲ್ಲ, ಮೀಟರೇ ನಿಂತುಹೋಗುತ್ತದೆ. ಹೀಗೆ ಆರಿಹೋದ ಮನೆ ಯಾವ ಕಂಪನಿಯ ಕಡಿತದ ಪಟ್ಟಿಯಲ್ಲೂ ಸೇರುವುದಿಲ್ಲ. ಬಾಕಿದಾರರ ಮನೆಗಳಿಗೆ ಬಲವಂತವಾಗಿ ಇಂಥ ಮೀಟರ್ ಅಳವಡಿಸುವುದನ್ನು 2023ರ ಫೆಬ್ರವರಿಯಲ್ಲಿ ನಿಯಂತ್ರಕರು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ವರ್ಷದ ಮಧ್ಯದವರೆಗೆ, ತಿಂಗಳ ಕೊನೆಗೆ ಬ್ಯಾಂಕಿನಿಂದ ನೇರವಾಗಿ ಬಿಲ್ ಕಟ್ಟುವ ಸ್ಥಿತಿವಂತರಿಗಿಂತ ಈ ಮೀಟರಿನವರೇ ಹೆಚ್ಚು ದರ ಕೊಡುತ್ತಿದ್ದರೆಂಬುದು ಇನ್ನೊಂದು ವಿಪರ್ಯಾಸ.

ಮುಂಗಡ ಪಾವತಿಯ ಇದೇ ತಂತ್ರ ಪೂರ್ವ ಆಫ್ರಿಕಾದಲ್ಲಿ ಬೇರೆಯೇ ಫಲ ಕೊಟ್ಟಿತು. 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ ಇಲ್ಲದಿದ್ದರೆ ಕಂತಿನ ಸೋಲಾರ್ ಅಲ್ಲಿ ಹುಟ್ಟುತ್ತಿರಲಿಲ್ಲ. ಚಾವಣಿಯ ಮೇಲೊಂದು ಪುಟ್ಟ ಫಲಕ, ಒಳಗೊಂದು ಬ್ಯಾಟರಿ ಪೆಟ್ಟಿಗೆ, ಮೂರ್ನಾಲ್ಕು ದೀಪ. ದಿನಕ್ಕಿಷ್ಟೆಂದು ಫೋನಿನಿಂದ ಹಣ ಕಳುಹಿಸಿದರೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ತಪ್ಪಿದರೆ ಬೀಗ ಬೀಳುತ್ತದೆ. ದಿನಗೂಲಿಯವರ ಆದಾಯದ ಲಯಕ್ಕೆ ಪಾವತಿಯ ಲಯವನ್ನು ಹೊಂದಿಸಿದ್ದೇ ಇದರ ಯಶಸ್ಸಿನ ಗುಟ್ಟು. ಸೀಮೆಎಣ್ಣೆಯನ್ನು ಬಾಟಲಿಯಲ್ಲಿ ಅಳೆದು ಕೊಳ್ಳುತ್ತಿದ್ದವರಿಗೆ ಅದು ಪರಿಚಿತವಾದ ಖರ್ಚಿನ ರೀತಿಯೇ ಆಗಿತ್ತು. ಆದರೆ ಎಲ್ಲ ಕಂತು ಸೇರಿಸಿದರೆ ಕೊಟ್ಟ ಹಣ ನಗದು ಬೆಲೆಗಿಂತ ಸಾಕಷ್ಟು ಹೆಚ್ಚಾಗುತ್ತದೆ, ಸಿಗುವ ವಿದ್ಯುತ್ತು ಬಹುಮಟ್ಟಿಗೆ ವಿಶ್ವಬ್ಯಾಂಕಿನ ಆ ಚೌಕಟ್ಟಿನ ಮೊದಲ ಹಂತದ್ದು. ಸೀಮೆಎಣ್ಣೆಯ ಬುಡ್ಡಿಗಿಂತ ಅದು ಎಷ್ಟೋ ಮೇಲು ಎಂಬುದನ್ನು ಒಪ್ಪುತ್ತೇನೆ. ಅಷ್ಟಕ್ಕೇ ಆ ಮನೆಯ ವಿದ್ಯುತ್ ಸಮಸ್ಯೆ ಬಗೆಹರಿಯಿತೆಂದು ಬರೆದುಕೊಳ್ಳುವುದನ್ನು ಒಪ್ಪಲಾರೆ.

ಬೆಳಕಿನ ಬಗ್ಗೆ ಇಷ್ಟು ಮಾತಾಡುವ ಜಗತ್ತು ಅಡುಗೆಯ ಬಗ್ಗೆ ಆಡುವುದು ಕಡಿಮೆ. ಇಂದಿಗೂ ಸುಮಾರು 210 ಕೋಟಿ ಜನ ಸೌದೆ, ಇದ್ದಿಲು, ಬೆರಣಿ, ಕಲ್ಲಿದ್ದಲು, ಸೀಮೆಎಣ್ಣೆಗಳಿಂದಲೇ ಅಡುಗೆ ಮಾಡುತ್ತಾರೆ, ಅಂದರೆ ವಿದ್ಯುತ್ ಇಲ್ಲದವರ ಮೂರು ಪಟ್ಟು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಪ್ರತಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂಬುದು ಅದರ 2021ರ ಮಾರ್ಗಸೂಚಿ. ಸೌದೆ ಒಲೆಯ ಅಡುಗೆಮನೆಯಲ್ಲಿ ಅದು ನೂರುಗಳಲ್ಲಿರುತ್ತದೆ. ಈ ಹೊಗೆಯನ್ನು ದಶಕಗಳ ಕಾಲ ಅಳೆದ ವಿಜ್ಞಾನಿ ಕರ್ಕ್ ಸ್ಮಿತ್, ಇರುವ ಕಟ್ಟಿಗೆಯನ್ನೇ ಚೆನ್ನಾಗಿ ಉರಿಸುವ ಸುಧಾರಿತ ಒಲೆಗಳ ಬೆನ್ನುಹತ್ತುವುದನ್ನು ಬಿಟ್ಟು ಶುದ್ಧ ಇಂಧನವನ್ನೇ ಬಡವರಿಗೆ ಸಿಗುವಂತೆ ಮಾಡಬೇಕು ಎಂಬ ನಿಲುವಿಗೆ ಬಂದಿದ್ದರು. ಸುಧಾರಿತ ಒಲೆಗಳ ಬಹುತೇಕ ಯೋಜನೆಗಳು ಹೊಗೆಯನ್ನು ತಗ್ಗಿಸಿದವೇ ಹೊರತು ಆರೋಗ್ಯಕ್ಕೆ ಸಾಕಾಗುವಷ್ಟು ತಗ್ಗಿಸಲಿಲ್ಲ.

ಶುದ್ಧ ಇಂಧನ ಸಿಗುವಂತೆ ಮಾಡಿದ ಮೇಲೂ ಕಥೆ ಮುಗಿಯದು. ಇಂಡೊನೇಷ್ಯಾ 2007ರಲ್ಲಿ ಸೀಮೆಎಣ್ಣೆಯಿಂದ ಎಲ್‌ಪಿಜಿಗೆ ಜನರನ್ನು ಬದಲಿಸಹೊರಟಾಗ ಒಲೆ, ಕೊಳವೆ, ರೆಗ್ಯುಲೇಟರ್, ಮೊದಲ ಸಿಲಿಂಡರ್ ಎಲ್ಲವನ್ನೂ ಉಚಿತವಾಗಿ ಕೊಟ್ಟಿತು. ಸಿಲಿಂಡರಿನ ಅಳತೆಯನ್ನು 3 ಕೆ.ಜಿ.ಗೆ ಇಳಿಸಿತು. ಒಂದೇ ಸಲಕ್ಕೆ ದೊಡ್ಡ ಮೊತ್ತ ಹೊಂದಿಸಲಾರದವನೂ 3 ಕೆ.ಜಿ.ಗೆ ಹೊಂದಿಸಬಲ್ಲ ಎಂಬ ಆ ಲೆಕ್ಕ ಸರಿಯಾಗಿತ್ತು. 5 ಕೋಟಿಗೂ ಹೆಚ್ಚು ಕಿಟ್‌ಗಳು ಹಂಚಿಕೆಯಾದವು. ಜೊತೆಗೇ ಸೀಮೆಎಣ್ಣೆಯ ಸಬ್ಸಿಡಿಯನ್ನು ಹಿಂದಕ್ಕೆ ಪಡೆದರು. ಭಾರತ 2016ರಲ್ಲಿ ಉಜ್ವಲಾ ಯೋಜನೆಯಡಿ ಕೋಟ್ಯಂತರ ಬಡ ಮನೆಗಳಿಗೆ ಠೇವಣಿಯಿಲ್ಲದೆ ಸಂಪರ್ಕ ಕೊಟ್ಟದ್ದು ಇದಕ್ಕಿಂತ ದೊಡ್ಡ ಪ್ರಯತ್ನ. ಆದರೆ ಅಲ್ಲಿ ಕೊಟ್ಟದ್ದು ಮುಖ್ಯವಾಗಿ 14.2 ಕೆ.ಜಿ.ಯ ಸಿಲಿಂಡರ್, ಫಲಾನುಭವಿಗಳು ಅದನ್ನು ತುಂಬಿಸಿಕೊಂಡದ್ದು ಸರಾಸರಿ ವರ್ಷಕ್ಕೆ ಮೂರ್ನಾಲ್ಕು ಬಾರಿ ಮಾತ್ರ. ಪೂರ್ತಿ ಗ್ಯಾಸಿನಲ್ಲೇ ಅಡುಗೆ ಮಾಡುವ ಕುಟುಂಬಕ್ಕೆ ಅಷ್ಟು ಸಾಲದು. ಉಳಿದ ದಿನ ಹಳೆಯ ಒಲೆಯೇ ಗತಿ.

ಈ ಎರಡು ಒಲೆಗಳ ಸಂಸಾರವನ್ನು ಹಿಂದುಳಿದಿರುವಿಕೆ ಎಂದೋ ಅರಿವಿನ ಕೊರತೆ ಎಂದೋ ವಿವರಿಸುವುದು ಸುಲಭ, ಆದರೆ ಅದು ತಪ್ಪು. ಅವಸರದ ಚಹಾಕ್ಕೆ, ಮಗುವಿನ ಹಾಲಿಗೆ ಗ್ಯಾಸ್ ಹೊತ್ತಿಸಿ, ಸ್ನಾನದ ನೀರಿಗೂ ಹೊತ್ತು ಹಿಡಿಯುವ ಬೇಳೆಗೂ ಸೌದೆ ಒಡ್ಡುವ ಮನೆಯಾಕೆ ಇಂಧನದ ಖರ್ಚನ್ನು ಯಾವ ಅರ್ಥಶಾಸ್ತ್ರಜ್ಞನಿಗೂ ಕಡಿಮೆಯಿಲ್ಲದಂತೆ ತೂಗಿ ನೋಡಿರುತ್ತಾಳೆ. ಸಿಲಿಂಡರಿಗೆ ನಗದು ಬೇಕು, ಸೌದೆಗೆ ಬೇಕಾದದ್ದು ಅವಳ ಸಮಯ. ಮನೆಯ ಲೆಕ್ಕದ ಪುಸ್ತಕದಲ್ಲಿ ಆ ಸಮಯಕ್ಕೆ ಬೆಲೆಯೇ ಇಲ್ಲದಿರುವಾಗ ಸೌದೆ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ. ಅಲ್ಲದೆ ನಗದನ್ನು ಖರ್ಚು ಮಾಡುವ ತೀರ್ಮಾನ ಬಹಳಷ್ಟು ಮನೆಗಳಲ್ಲಿ ಅಡುಗೆ ಮಾಡುವವರ ಕೈಯಲ್ಲಿರುವುದಿಲ್ಲ. ಕೆನ್ಯಾ, ತಾಂಜಾನಿಯಾಗಳ ನಗರಗಳಲ್ಲಿ ಸಿಲಿಂಡರಿನ ಮೇಲೆ ಮೀಟರ್ ಕೂರಿಸಿ, ಅಂದಂದಿನ ಅಡುಗೆಗಷ್ಟೇ ಫೋನಿನಿಂದ ಹಣ ಕಟ್ಟುವ ಪದ್ಧತಿ ಬಂದಿದೆ. ನನಗೆ ಇದು ಒಲೆಯ ವಿನ್ಯಾಸದಲ್ಲಿ ಆದ ಯಾವ ಸುಧಾರಣೆಗಿಂತಲೂ ಮುಖ್ಯವಾಗಿ ಕಾಣುತ್ತದೆ.

ಇನ್ನು ಸಬ್ಸಿಡಿ. ಅದರ ಹೆಸರು ಕೇಳಿದರೇ ಮೂಗು ಮುರಿಯುವವರಿದ್ದಾರೆ. 2022ರಲ್ಲಿ ಜಗತ್ತಿನ ಸರ್ಕಾರಗಳು ಪಳೆಯುಳಿಕೆ ಇಂಧನಗಳ ಬಳಕೆಗೆ ಕೊಟ್ಟ ಸಬ್ಸಿಡಿ ಒಂದು ಲಕ್ಷ ಕೋಟಿ ಡಾಲರ್ ದಾಟಿದ್ದನ್ನು ನೋಡಿದರೆ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪೆಟ್ರೋಲಿನ ಬೆಲೆ ತಗ್ಗಿಸಿದರೆ ಹೆಚ್ಚು ಲಾಭ ಕಾರು ಉಳ್ಳವನಿಗೆ. ಆದರೆ ದಕ್ಷಿಣ ಆಫ್ರಿಕಾ 2003ರಿಂದ ಬಡ ಮನೆಗಳಿಗೆ ತಿಂಗಳಿಗೆ 50 ಯೂನಿಟ್ ಉಚಿತವಾಗಿ ಕೊಡಲು ಹೊರಟದ್ದು ಬೇರೆ ಜಾತಿಯ ಸಬ್ಸಿಡಿ. ಅದರ ದೋಷ ಉದಾರತೆಯಲ್ಲಿ ಇಲ್ಲ. ಅರ್ಹರೆಂದು ಹೆಸರು ನೋಂದಾಯಿಸಿಕೊಳ್ಳುವ ಗೋಜಿನಲ್ಲಿ ಬಹಳಷ್ಟು ಅರ್ಹರೇ ಹೊರಗುಳಿದರು. ನೈಜೀರಿಯಾ 2024ರ ಏಪ್ರಿಲ್‌ನಲ್ಲಿ ಇನ್ನೊಂದು ದಾರಿ ಹಿಡಿದು, ದಿನಕ್ಕೆ 20 ಗಂಟೆ ವಿದ್ಯುತ್ ಸಿಗುವ ಗ್ರಾಹಕರ ದರವನ್ನಷ್ಟೇ ಯೂನಿಟ್‌ಗೆ 68 ನೈರಾದಿಂದ ಏಕಾಏಕಿ 225ಕ್ಕೆ ಏರಿಸಿತು, ಉಳಿದವರ ದರ ಮುಟ್ಟಲಿಲ್ಲ. ಗುಣಮಟ್ಟಕ್ಕೆ ತಕ್ಕ ದರ ಎಂಬ ತತ್ವ ನ್ಯಾಯವಾದದ್ದೇ. ಆದರೆ ಆ 20 ಗಂಟೆ ನಿಜವಾಗಿ ಸಿಗುತ್ತಿದೆಯೇ ಎಂದು ಅಳೆದು ದಂಡ ಹಾಕುವವರಿಲ್ಲದಿದ್ದರೆ ಅದು ಬರೀ ದರ ಏರಿಕೆಯಾಗಿ ಉಳಿಯುತ್ತದೆ.

ಸೋಲಾರ್ ಇಷ್ಟು ಅಗ್ಗವಾಗಿರುವಾಗ ಈ ತಲೆನೋವೆಲ್ಲ ಏಕೆ ಎಂದು ಕೇಳಬಹುದು. 2010ರ ದಶಕದಲ್ಲಿ ಸೋಲಾರ್ ಫಲಕದ ಬೆಲೆ ಸುಮಾರು ಶೇ. 90ರಷ್ಟು ಇಳಿಯಿತೆಂಬುದು ನಿಜ. ಆದರೆ ಸೋಲಾರಿನ ಖರ್ಚೆಲ್ಲ ಹೆಚ್ಚೂಕಡಿಮೆ ಮೊದಲ ದಿನವೇ ಆಗಿಬಿಡುತ್ತದೆ, ಮುಂದಿನ 25 ವರ್ಷಕ್ಕೆ ಇಂಧನದ ಖರ್ಚಿಲ್ಲ. ಹಾಗಾಗಿ ಅದರ ಯೂನಿಟ್ ದರವನ್ನು ನಿರ್ಧರಿಸುವಲ್ಲಿ ಬಿಸಿಲಿನಷ್ಟೇ ಬಡ್ಡಿಯ ಪಾಲೂ ಇದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇಂಥ ಯೋಜನೆಗೆ ಬಂಡವಾಳದ ವೆಚ್ಚ ಶ್ರೀಮಂತ ದೇಶಗಳ ಎರಡು ಪಟ್ಟಿಗಿಂತ ಹೆಚ್ಚೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕ. ಧಾರಾಳ ಬಿಸಿಲಿರುವ ದೇಶದ ವಿದ್ಯುತ್ತು ಮೋಡದ ದೇಶದ್ದಕ್ಕಿಂತ ದುಬಾರಿಯಾಗುವುದು ಹೀಗೆ.

ಶ್ರೀಮಂತ ದೇಶಗಳು ತಮ್ಮ ಹಳ್ಳಿಗಳಿಗೆ ವಿದ್ಯುತ್ ಒಯ್ದಾಗ ಮಾರುಕಟ್ಟೆಯ ಬಡ್ಡಿಯನ್ನು ನೆಚ್ಚಿಕೊಂಡಿರಲಿಲ್ಲ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ಹೊಲಮನೆಗಳಲ್ಲಿ ಹತ್ತಕ್ಕೊಂದರಲ್ಲಿ ಮಾತ್ರ ವಿದ್ಯುತ್ ಇತ್ತು. ಖಾಸಗಿ ಕಂಪನಿಗಳು ಲಾಭವಿಲ್ಲವೆಂದು ಅತ್ತ ಸುಳಿಯುತ್ತಿರಲಿಲ್ಲ. 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯಡಿ ರೈತರ ಸಹಕಾರ ಸಂಘಗಳಿಗೆ ಸರ್ಕಾರ ಅಗ್ಗದ ಸಾಲ ಕೊಟ್ಟಿತು, 1944ರ ಹೊತ್ತಿಗೆ ಅದು ಶೇ. 2ರ ಬಡ್ಡಿ, 35 ವರ್ಷದ ಅವಧಿ ಎಂದಾಯಿತು. ಕಂಬ ನೆಡುವುದಕ್ಕಷ್ಟೇ ಅಲ್ಲ, ಮನೆಯೊಳಗೆ ವೈರಿಂಗ್ ಮಾಡಿಸಿ ಉಪಕರಣ ಕೊಳ್ಳುವುದಕ್ಕೂ ಸಾಲ ಸಿಗುವ ಏರ್ಪಾಡಿತ್ತೆಂಬುದನ್ನು ಗಮನಿಸಬೇಕು. ಕೆನ್ಯಾದಲ್ಲಿ ಕಾಣೆಯಾಗಿದ್ದುದು ನಿಖರವಾಗಿ ಅದೇ.

ವಿಶ್ವಬ್ಯಾಂಕ್ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ 2024ರಲ್ಲಿ ‘ಮಿಷನ್ 300’ ಎಂಬ ಹೆಸರಿನಲ್ಲಿ 2030ರೊಳಗೆ ಆಫ್ರಿಕಾದ 30 ಕೋಟಿ ಜನರಿಗೆ ವಿದ್ಯುತ್ ತಲುಪಿಸುವುದಾಗಿ ಘೋಷಿಸಿವೆ. 2025ರ ಜನವರಿಯಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಇದಕ್ಕಾಗಿಯೇ ಶೃಂಗಸಭೆ ನಡೆಯಿತು. ಅಲ್ಲಿಯೂ ಗುರಿ ಇರುವುದು ತಲೆಗಳ ಎಣಿಕೆಯಲ್ಲೇ. ‘ಎನರ್ಜಿ ಫಾರ್ ಗ್ರೋತ್ ಹಬ್’ ಎಂಬ ಚಿಂತಕರ ಗುಂಪು ಸೂಚಿಸಿದ ಇನ್ನೊಂದು ಅಳತೆ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ: ಒಬ್ಬ ವ್ಯಕ್ತಿಗೆ ವರ್ಷಕ್ಕೆ ಕನಿಷ್ಠ 1,000 ಯೂನಿಟ್, ಅದರಲ್ಲಿ ಮನೆಯೊಳಗೆ 300, ಉಳಿದ 700 ಹೊರಗಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ನೀರಾವರಿಗಳಲ್ಲಿ. ಜನರ ಕೈಯಲ್ಲಿ ಬಿಲ್ ಕಟ್ಟುವಷ್ಟು ಹಣ ಓಡಾಡುವಂತೆ ಮಾಡುವುದು ಬಹುಮಟ್ಟಿಗೆ ಆ 700ರ ಪಾಲು. ದಕ್ಷಿಣ ಆಫ್ರಿಕಾವನ್ನು ಬಿಟ್ಟರೆ ಸಹಾರಾದ ದಕ್ಷಿಣದ ದೇಶಗಳ ಸರಾಸರಿ ಬಳಕೆ 200 ಯೂನಿಟ್ಟಿನ ಒಳಗೇ ಇದೆ, ಅಮೆರಿಕದ್ದು 12,000ದ ಆಸುಪಾಸು. ಮಿಷನ್ 300ರ ವಾರ್ಷಿಕ ವರದಿಗಳಲ್ಲಿ ನಾನು ಹುಡುಕಲಿರುವುದು ಸಂಪರ್ಕಗಳ ಒಟ್ಟು ಮೊತ್ತವನ್ನಲ್ಲ. ಸಂಪರ್ಕ ಪಡೆದ ಮೂರನೆಯ ವರ್ಷದಲ್ಲಿ ಆ ಮನೆಗಳು ತಿಂಗಳಿಗೆ ಎಷ್ಟು ಯೂನಿಟ್ ಬಳಸಿದವು, ಎಷ್ಟು ದಿನ ಮೀಟರಿನಲ್ಲಿ ಹಣ ಮುಗಿದು ನಿಂತಿತ್ತು ಎಂಬ ಎರಡು ಕಾಲಂಗಳನ್ನು. ಪ್ರೀಪೇಯ್ಡ್ ಮೀಟರುಗಳ ದತ್ತಾಂಶ ವಿದ್ಯುತ್ ಕಂಪನಿಗಳ ಬಳಿ ಹೇಗೂ ಇದೆ, ಅವನ್ನು ಪ್ರಕಟಿಸಲು ಹೊಸ ಸಮೀಕ್ಷೆಯೇನೂ ಬೇಕಾಗಿಲ್ಲ.